ಪ್ರಶ್ನಾವಳಿ ಆಮೇಲೆ, ಮೊದಲು ಒಂದು ಕೆಲಸ ಕೊಡಿ

ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರ ಉಪನ್ಯಾಸಕಿ ಬರೆದಿದ್ದಾರೆ: ‘ಬಿ.ಕಾಂ. ಎರಡನೇ ವರ್ಷದವರಿಗೆ ನಾಯಕತ್ವದ ಮೇಲೆ ಆನ್‌ಲೈನ್ ಪಾಠ ಸಿದ್ಧ ಮಾಡಬೇಕಿದೆ. ತಮ್ಮ ನಾಯಕತ್ವದ ಬಗೆ ಯಾವುದು ಅಂತ ಮಕ್ಕಳು ತಾವೇ ಕಂಡುಕೊಳ್ಳಬೇಕು. ಇಪ್ಪತ್ತು ಪ್ರಶ್ನೆ ಕೇಳಿ, ಅಂಕ ಕೂಡಿಸಿ, ನೀನು ಇಂಥವನು ಅಂತ ಹೇಳಿದರೆ ಸಾಕೇ? ಬಹಳ ಮಕ್ಕಳ ಊರಲ್ಲಿ ನೆಟ್ ಸರಿಯಾಗಿ ಸಿಗುವುದಿಲ್ಲ. ಪುಸ್ತಕದಲ್ಲಿ ಇರೋದೆಲ್ಲ ಅಮೆರಿಕದ ಕಂಪನಿಗಳ ಉದಾಹರಣೆ. ನಮ್ಮ ಕಡೆಯದು ಏನಾದರೂ ಇದೆಯೇ?’

ಮೇಡಂ, ನಮಸ್ಕಾರ.

ಸಾಲದು ಅಂತ ನನ್ನ ಅನಿಸಿಕೆ. ಯಾಕೆ ಅನ್ನೋದಕ್ಕೆ ಒಂದು ಹಳೆಯ ಪ್ರಯೋಗ ಹೇಳುತ್ತೇನೆ. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವದ ಪರೀಕ್ಷೆ ಕೊಟ್ಟರು. ಒಂದು ವಾರ ಬಿಟ್ಟು ಒಬ್ಬೊಬ್ಬರಿಗೂ ಅವರವರ ಹೆಸರು ಬರೆದ ಫಲಿತಾಂಶ ಹಂಚಿದರು. ಇದು ನಿಮಗೆ ಎಷ್ಟು ಹೊಂದುತ್ತದೆ, ಸೊನ್ನೆಯಿಂದ ಐದರವರೆಗೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಬರಹ. ಅದರ ಸಾಲುಗಳನ್ನು ಬಹುಪಾಲು ಎತ್ತಿಕೊಂಡಿದ್ದು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ.

ನಿಮ್ಮ ಪ್ರಶ್ನಾವಳಿಗೂ ಇದೇ ಗತಿ ಬಂದೀತು ಅಂತ ನನಗೆ ಭಯ. ‘ನಾನು ಎಲ್ಲರ ಮಾತಿಗೂ ಬೆಲೆ ಕೊಡುತ್ತೇನೆ’ ಅಂತ ಬರೆದರೆ ಅದಕ್ಕೆ ‘ಇಲ್ಲ’ ಅಂತ ಟಿಕ್ ಹಾಕುವ ಹುಡುಗ ಸಿಕ್ಕಾನೆಯೇ? ಕೊನೆಗೆ ‘ನೀನು ಪ್ರಜಾಸತ್ತಾತ್ಮಕ ನಾಯಕ’ ಅಂತ ಬರುತ್ತದೆ. ಅವನು ಅದನ್ನು ಸ್ಟೇಟಸ್‌ಗೆ ಹಾಕಿಕೊಂಡು ಖುಷಿಪಡುತ್ತಾನೆ. ಅವನು ಏನನ್ನೂ ಕಂಡುಕೊಂಡಂತಾಗಲಿಲ್ಲ.

ನಿಮ್ಮ ಪಠ್ಯದಲ್ಲಿರುವ ನಿರಂಕುಶ, ಪ್ರಜಾಸತ್ತಾತ್ಮಕ, ಕೈಬಿಟ್ಟ ಎಂಬ ಮೂರು ಬಗೆಗಳು ಎಲ್ಲಿಂದ ಬಂದವು ಅಂತ ಮಕ್ಕಳಿಗೆ ಹೇಳಿ. ಅದರಲ್ಲೇ ಅರ್ಧ ಪಾಠ ಇದೆ. ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಎಂಬ ಮೂವರು 1939ರಲ್ಲಿ ಇದನ್ನು ಪ್ರಕಟಿಸಿದರು. ಅಮೆರಿಕದ ಐಯೋವಾದಲ್ಲಿ ಹತ್ತು ವರ್ಷದ ಹುಡುಗರ ಚಿಕ್ಕ ಚಿಕ್ಕ ಕ್ಲಬ್ಬು ಮಾಡಿದ್ದರು. ಮುಖವಾಡ ಮಾಡೋದು, ಮರಗೆಲಸ, ಇಂಥವು. ಒಂದು ಕಡೆ ದೊಡ್ಡವರು ‘ಹೇಳಿದಷ್ಟು ಮಾಡಿ’ ಅಂದರು. ಒಂದು ಕಡೆ ‘ಕೂಡಿ ಮಾಡೋಣ’ ಅಂದರು. ಇನ್ನೊಂದು ಕಡೆ ‘ನಿಮ್ಮಿಷ್ಟ’ ಅಂತ ಸುಮ್ಮನೆ ಕೂತರು. ದೊಡ್ಡವರು ಕೋಣೆಯಿಂದ ಹೊರಗೆ ಹೋದಾಗ, ಹೇಳಿಸಿಕೊಂಡು ಮಾಡುತ್ತಿದ್ದ ಹುಡುಗರ ಕೆಲಸ ಕುಸಿಯಿತು. ಕೂಡಿ ಮಾಡುತ್ತಿದ್ದವರ ಕೆಲಸ ಹೆಚ್ಚುಕಡಿಮೆ ಹಾಗೇ ನಡೆಯಿತು.

ಇದಿಷ್ಟು ಎಲ್ಲ ಗೈಡ್‌ಗಳಲ್ಲೂ ಇರುತ್ತದೆ. ಬಿಟ್ಟುಹೋಗುವ ಸಂಗತಿ ಬೇರೆ. ಆ ದೊಡ್ಡವರು ಯಾರೂ ಹುಟ್ಟಾ ನಿರಂಕುಶರಲ್ಲ. ಅವರಿಗೆ ತರಬೇತಿ ಕೊಟ್ಟಿದ್ದರು. ಕೆಲವು ವಾರ ಒಂದು ಬಗೆ, ಆಮೇಲೆ ಬೇರೆ ಕ್ಲಬ್ಬಿನಲ್ಲಿ ಬೇರೆ ಬಗೆ. ಅಂದರೆ ‘ಶೈಲಿ’ ಅನ್ನೋದು ಆ ಹೊತ್ತಿಗೆ ಮಾಡುವ ನಡವಳಿಕೆ. ಅದನ್ನು ಕಲಿಯಬಹುದು, ಬದಲಿಸಬಹುದು. ಹತ್ತೊಂಬತ್ತು ವರ್ಷದ ಮಕ್ಕಳಿಗೆ ‘ನೀನು ಇಂಥವನು’ ಅಂತ ಮುದ್ರೆ ಒತ್ತುವ ಮೊದಲು ಇದು ಗೊತ್ತಾಗಲೇಬೇಕು ಅಲ್ವಾ?

ಹಾಗಾದರೆ ಪಾಠ ಹೇಗಿರಬೇಕು? ನನ್ನ ಸಲಹೆ ಇದು. ಮೊದಲು ಒಂದು ಸಣ್ಣ ಕೆಲಸ ಕೊಡಿ. ಆ ಕೆಲಸದಲ್ಲಿ ಯಾರು ಏನು ಮಾಡಿದರು ಅಂತ ಅವರೇ ನೋಡಲಿ. ಬಗೆಗಳ ಹೆಸರು ಆಮೇಲೆ ಬರಲಿ.

ಐದೈದು ಜನರ ಗುಂಪು ಮಾಡಿ, ಜೊತೆಗೊಬ್ಬ ವೀಕ್ಷಕ. ಕಾಲೇಜಿನ ಗ್ಯಾದರಿಂಗ್ ಗೊತ್ತು ಮಾಡುವುದು ಅವರ ಕೆಲಸ. ಐದು ಜನರಿಗೂ ಒಂದೊಂದು ಚೀಟಿಯನ್ನು ವಾಟ್ಸಾಪ್‌ನಲ್ಲಿ ಬೇರೆ ಬೇರೆಯಾಗಿ ಕಳಿಸಿ. ಖರ್ಚಿಗೆ ಇರುವ ದುಡ್ಡು ಎಷ್ಟು ಅಂತ ಒಬ್ಬರಿಗೆ ಮಾತ್ರ ಗೊತ್ತು. ಒಬ್ಬರಿಗೆ ಅತಿಥಿ ನಾಲ್ಕಕ್ಕೆ ಮುಂಚೆ ಬರೋದಿಲ್ಲ ಅಂತ ಗೊತ್ತು. ಒಬ್ಬಳಿಗೆ ಹಳ್ಳಿ ಕಡೆಯ ಕೊನೆಯ ಬಸ್ಸು ಐದೂವರೆಗೆ ಅಂತ ಗೊತ್ತು. ಒಬ್ಬರ ಹತ್ತಿರ ಹಾಲ್ ಯಾವಾಗ ಖಾಲಿ ಅನ್ನುವ ವಿವರ. ಇನ್ನೊಬ್ಬರ ಹತ್ತಿರ ಅಡುಗೆಯವರ ಲೆಕ್ಕ: ಇದ್ದ ದುಡ್ಡಿಗೆ ಊಟ ಆಗದು, ಗಿರ್ಮಿಟ್ ಮಿರ್ಚಿ ಆದೀತು. ಯಾರ ಚೀಟಿಯೂ ಇನ್ನೊಬ್ಬರಿಗೆ ಕಾಣುವುದಿಲ್ಲ. ಕಾಲು ಗಂಟೆಯಲ್ಲಿ ತೀರ್ಮಾನ ಆಗಬೇಕು. ನಾಯಕ ಯಾರು ಅಂತ ನೀವು ಹೇಳಬೇಡಿ.

ವೀಕ್ಷಕ ಮಾತಾಡಬಾರದು. ಕೇಳಿದ್ದನ್ನು ಕೇಳಿದ ಹಾಗೆ ಬರೆಯಬೇಕು, ಅಷ್ಟೇ. ‘ಅವನು ಚೆನ್ನಾಗಿ ಮುನ್ನಡೆಸಿದ’ ಅಂತ ಬರೆದರೆ ವಾಪಸ್ ಕೊಡಿ. ಅವನ ಟಿಪ್ಪಣಿ ಹೀಗಿದ್ದರೆ ಸರಿ:

‘ಮೊದಲು ಒಬ್ಬ ಮಾತಾಡಿದ. “ಲಿಸ್ಟ್ ನಾ ಮಾಡ್ತೀನಿ, ನೀವು ಬರೇ ಹೂಂ ಅನ್ರಿ” ಅಂದ. ಆರು ನಿಮಿಷ ಯಾರೂ ಬಸ್ಸಿನ ಮಾತು ಎತ್ತಲಿಲ್ಲ. ಬಸ್ಸಿನ ಚೀಟಿ ಇದ್ದವಳು ಎರಡು ಸಲ ಮೈಕ್ ಆನ್ ಮಾಡಿ ಮತ್ತೆ ಆಫ್ ಮಾಡಿದಳು. ಇನ್ನೊಬ್ಬ “ತಡೀರಿ, ಆಕಿ ಏನೋ ಹೇಳಾಕತ್ತಾಳ” ಅಂದ. ಆಮೇಲೆ ಕಾರ್ಯಕ್ರಮದ ಹೊತ್ತು ಬದಲಾಯಿತು.’

ಈ ನಾಲ್ಕು ಸಾಲಿನಲ್ಲಿ ಎಷ್ಟಿದೆ ನೋಡಿ. ಲಿಸ್ಟ್ ಮಾಡಿದವನಿಂದ ಕೆಲಸ ಶುರುವಾಯಿತು, ಅದು ಸಣ್ಣ ಮಾತಲ್ಲ. ಆದರೆ ಅವನ ವೇಗಕ್ಕೆ ಒಂದು ಮುಖ್ಯ ವಿಷಯ ಹೂತುಹೋಗಿತ್ತು. ‘ತಡೀರಿ’ ಅಂದ ಹುಡುಗ ತನ್ನನ್ನು ನಾಯಕ ಅಂತ ಎಂದೂ ಅಂದುಕೊಂಡಿರಲಿಕ್ಕಿಲ್ಲ. ಆವತ್ತು ಗುಂಪನ್ನು ದಾರಿಗೆ ತಂದಿದ್ದು ಅವನ ಆ ಒಂದು ಮಾತು. ಟಿಪ್ಪಣಿಯನ್ನು ಗುಂಪಿನ ಮುಂದೆ ಓದಿದಾಗ ಅವನಿಗೆ ತನ್ನ ಬಗ್ಗೆ ಹೊಸದೊಂದು ತಿಳಿಯುತ್ತದೆ. ಮೈಕ್ ಆಫ್ ಮಾಡಿದವಳನ್ನು ಮಾತ್ರ ಎಲ್ಲರೆದುರು ‘ಯಾಕೆ ಸುಮ್ಮನಿದ್ದೆ?’ ಅಂತ ಕೇಳಬೇಡಿ. ಬೇರೆಯಾಗಿ ಕೇಳಿ. ಮನೆಯಲ್ಲಿ ಹಿರಿಯರು ಪಕ್ಕದಲ್ಲೇ ಕೂತಿರಬಹುದು.

ಇಷ್ಟಕ್ಕೇ ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು ಇನ್ನೊಂದು ಮೆಸೇಜ್ ಕಳಿಸಿ: ‘ಮಳೆ ಶುರುವಾಗಿದೆ. ಪೆಂಡಾಲಿನವರು ಬರೋದಿಲ್ಲ ಅಂದರು. ಐದೇ ನಿಮಿಷ ಇದೆ.’ ಈಗ ಅದೇ ಗುಂಪು ಬೇರೆ ಥರ ನಡೆದುಕೊಳ್ಳುತ್ತದೆ. ಎಲ್ಲರನ್ನೂ ಕೇಳಿ ಕೇಳಿ ಹೋಗುತ್ತಿದ್ದವಳು ತಟ್ಟನೆ ಆರ್ಡರ್ ಕೊಡಲು ಶುರು ಮಾಡಬಹುದು. ಜೋರಾಗಿದ್ದವನು ತಣ್ಣಗಾಗಬಹುದು. ಪಾಲ್ ಹರ್ಸಿ, ಕೆನ್ ಬ್ಲಾಂಚಾರ್ಡ್ ಎಂಬಿಬ್ಬರು 1969ರಲ್ಲಿ ಮುಂದಿಟ್ಟ ಸನ್ನಿವೇಶಕ್ಕೆ ತಕ್ಕ ನಾಯಕತ್ವದ ಮಾತನ್ನು ಇಲ್ಲಿ ಹೇಳಿದರೆ ಮಕ್ಕಳಿಗೆ ಸಲೀಸಾಗಿ ಅರ್ಥವಾಗುತ್ತದೆ. ಹೊಸಬರಿಗೆ ಬಿಡಿಸಿ ಹೇಳು, ಪಳಗಿದವರಿಗೆ ಬಿಟ್ಟುಕೊಡು ಅನ್ನೋದು ಅದರ ಸಾರ. ಅದನ್ನೇ ಸಿದ್ಧಾಂತವಾಗಿ ಮೊದಲು ಹೇಳಿದರೆ ಪರೀಕ್ಷೆಗೆ ಬಾಯಿಪಾಠ ಆಗುತ್ತದೆ, ಮರೆತುಹೋಗುತ್ತದೆ.

ಇದಾದ ಮೇಲೆ ನಿಮ್ಮ ಪ್ರಶ್ನಾವಳಿ ಬರಲಿ. ಇಪ್ಪತ್ತು ಜಾಸ್ತಿಯಾಯಿತು, ಎಂಟು ಸಾಕು. ಪ್ರತಿಯೊಂದೂ ಒಂದು ಸಂದರ್ಭ ಆಗಿರಲಿ. ಯಾವ ಉತ್ತರವೂ ಕೆಟ್ಟದ್ದಾಗಿ ಕಾಣಬಾರದು, ಪ್ರತಿಯೊಂದಕ್ಕೂ ಏನಾದರೂ ಕಳೆದುಕೊಳ್ಳಬೇಕಾಗಿ ಬರಲಿ. ‘ಎನ್‌ಎಸ್‌ಎಸ್ ಶಿಬಿರದ ಮೂರನೇ ದಿನ. ಇಬ್ಬರು ಗಟಾರ ತೋಡಲು ಬರೋದಿಲ್ಲ ಅಂತ ಕೂತಿದ್ದಾರೆ. ಉಳಿದವರು ನಿನ್ನನ್ನೇ ನೋಡುತ್ತಿದ್ದಾರೆ.’ ನೀನೇ ಗುದ್ದಲಿ ಹಿಡಿಯುತ್ತೀಯಾ? ಅವರ ಹತ್ತಿರ ಹೋಗಿ ಕೂತು ಕೇಳುತ್ತೀಯಾ? ಪಾಳಿ ಹಾಕಿ ಹೆಸರು ಕೂಗುತ್ತೀಯಾ? ಸರ್‌ಗೆ ಹೇಳುತ್ತೀಯಾ? ಗೂಗಲ್ ಫಾರ್ಮ್‌ನಲ್ಲಿ ಆಯ್ಕೆಗೆ ತಕ್ಕಂತೆ ಬೇರೆ ಬೇರೆ ಸೆಕ್ಷನ್‌ಗೆ ಕಳಿಸುವ ಸೌಲಭ್ಯ ಇದೆ. ಪಾಳಿ ಹಾಕಿದವನಿಗೆ ಮುಂದಿನ ಪುಟದಲ್ಲಿ ‘ಕೆಲಸ ಸಂಜೆಯೊಳಗೆ ಮುಗಿಯಿತು, ಇಬ್ಬರು ರಾತ್ರಿ ಊಟಕ್ಕೆ ಬರಲಿಲ್ಲ. ಈಗೇನು ಮಾಡುತ್ತೀಯಾ?’ ಅಂತ ಕಾಣಲಿ. ಸರಿ, ತಪ್ಪು ಅನ್ನುವ ಮಾತೇ ಬೇಡ.

ಅದೇ ಎಂಟು ಪ್ರಶ್ನೆಗೆ ಗುಂಪಿನ ಇಬ್ಬರು ಗೆಳೆಯರೂ ಉತ್ತರ ಕೊಡಲಿ: ‘ಇವಳಾಗಿದ್ದರೆ ಏನು ಮಾಡುತ್ತಿದ್ದಳು?’ ಅಂತ. ತನಗೆ ಕಂಡಿದ್ದಕ್ಕೂ ಅವರಿಗೆ ಕಂಡಿದ್ದಕ್ಕೂ ಎಲ್ಲಿ ತಾಳೆ ಆಗುವುದಿಲ್ಲವೋ ಅಲ್ಲಿ ಕೂತು ಯೋಚಿಸಲಿ. ಜೋಸೆಫ್ ಲುಫ್ಟ್, ಹ್ಯಾರಿಂಗ್ಟನ್ ಇಂಗ್ಯಾಮ್ 1955ರಲ್ಲಿ ಮಾಡಿದ ಜೋಹಾರಿ ಕಿಟಕಿ ಇದನ್ನೇ ಹೇಳುತ್ತದೆ. ನಮಗೆ ಕಾಣದ, ಬೇರೆಯವರಿಗೆ ಮಾತ್ರ ಕಾಣುವ ಒಂದು ಪಾಲು ನಮ್ಮೆಲ್ಲರಲ್ಲೂ ಇದೆ.

ನೆಟ್ ವಿಷಯ. ವಿಡಿಯೊ ಬೇಡವೇ ಬೇಡ. ವಾಟ್ಸಾಪ್‌ನ ಗುಂಪು ಕರೆ, ಬರೀ ಧ್ವನಿ, ಸಾಕು. ಮನೆಯಲ್ಲಿ ಒಂದೇ ಫೋನು ಇದ್ದು ಅದು ಹಗಲೆಲ್ಲ ಅಪ್ಪನ ಜೇಬಿನಲ್ಲಿ ಹೊಲದಲ್ಲಿದ್ದರೆ ಬೆಳಗಿನ ಹನ್ನೊಂದು ಗಂಟೆಯ ಕ್ಲಾಸ್ ಆ ಹುಡುಗಿಗೆ ಇಲ್ಲದ ಹಾಗೇ. ರಾತ್ರಿ ಎಂಟರ ಮೇಲೆ ಇಡಿ. ಕರೆಯೇ ನಿಲ್ಲದ ಊರಿನವರನ್ನು ಒಂದು ಗುಂಪು ಮಾಡಿ, ಅವರು ಧ್ವನಿ ಮೆಸೇಜ್‌ನಲ್ಲೇ ಒಂದು ದಿನ ತೆಗೆದುಕೊಂಡು ಅದೇ ಕೆಲಸ ಮುಗಿಸಲಿ. ವೀಕ್ಷಕನಿಗೆ ಕೆಲಸ ಇನ್ನೂ ಸುಲಭ, ಎಲ್ಲ ಮೆಸೇಜ್ ಅಲ್ಲೇ ಉಳಿದಿರುತ್ತದೆ.

ಇನ್ನು ನಮ್ಮ ಕಡೆಯ ಉದಾಹರಣೆ. ನಿಮ್ಮ ಜಿಲ್ಲೆಯವರೇ ಇದ್ದಾರಲ್ಲ, ಸ್ವಾತಂತ್ರ್ಯ ಹೋರಾಟಗಾರ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು! ಹಾವೇರಿ ರೈಲು ನಿಲ್ದಾಣಕ್ಕೆ ಅವರದೇ ಹೆಸರು. ದಿನಾ ಅಲ್ಲಿ ಇಳಿಯುವ ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಇರುತ್ತಾರೆ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಹಿಂದೆ ನಡೆದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ, ನಿಮ್ಮ ವಿದ್ಯಾರ್ಥಿಗಳದೇ ವಯಸ್ಸು. ಅಲ್ಲಿ ಅವರ ಕೆಲಸ ಇನ್ನೊಬ್ಬರ ಶಿಸ್ತಿಗೆ ಒಳಪಟ್ಟು ನಡೆಯುವುದು. ಹದಿಮೂರು ವರ್ಷದ ನಂತರ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಅವರೇ ಒಂದು ತಂಡದ ಮುಂದಿದ್ದರು. ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಪ್ರಾಣ ಕೊಟ್ಟರು. ದಂಡಿಯಲ್ಲಿ ನಡೆದ ಮಹದೇವಪ್ಪನವರು ಯಾವ ಬಗೆ, ಹೊಸರಿತ್ತಿಯಲ್ಲಿ ಮುಂದೆ ನಿಂತವರು ಯಾವ ಬಗೆ ಅಂತ ಕೇಳಿ. ಚೌಕಟ್ಟಿಗೆ ಹೊಂದಿಸಲು ಮಕ್ಕಳು ಒದ್ದಾಡಬೇಕು. ಒದ್ದಾಡಲಿ.

ಬಿ.ಕಾಂ.ನವರಿಗೆ ಗದಗ ಪಕ್ಕದ ಕಣಗಿನಹಾಳವೂ ಬೇಕು. 1904ರ ಸಹಕಾರ ಕಾಯ್ದೆ ಬಂದ ಮೇಲೆ ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ನೋಂದಣಿಯಾಗಿದ್ದು ಅಲ್ಲಿ. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಮಿತಿಯಿಲ್ಲದ ಹೊಣೆ. ಒಬ್ಬ ಸಾಲ ತೀರಿಸದಿದ್ದರೆ ಉಳಿದವರ ಆಸ್ತಿಗೂ ಕುತ್ತು. ಅಂಥ ಕಾಗದಕ್ಕೆ ರೈತರಿಂದ ಸಹಿ ಹಾಕಿಸಬೇಕಾದರೆ ಏನು ಮಾತಾಡುತ್ತೀರಿ, ಮೊದಲು ಯಾರ ಮನೆಗೆ ಹೋಗುತ್ತೀರಿ ಅಂತ ಮಕ್ಕಳಿಂದ ಒಂದು ಪುಟ ಬರೆಸಿ.

ಅಂಕ ಕೊಡಲೇಬೇಕು ಅಂತ ಕಾಲೇಜು ಹೇಳಬಹುದು. ಶೈಲಿಗೆ ಅಂಕ ಬೇಡ. ಕೊಟ್ಟರೆ ನಿಮಗೆ ಯಾವುದು ಇಷ್ಟವೋ ಆ ಶೈಲಿಯನ್ನೇ ಎಲ್ಲರೂ ತೋರಿಸುತ್ತಾರೆ. ವೀಕ್ಷಕನ ಟಿಪ್ಪಣಿ ಎಷ್ಟು ನಿಖರ ಅನ್ನೋದಕ್ಕೆ ಕೊಡಿ. ಕೊನೆಯಲ್ಲಿ ಪ್ರತಿಯೊಬ್ಬರೂ ಬರೆಯುವ ಎರಡು ಸಾಲಿಗೂ ಕೊಡಿ: ಹೊತ್ತು ಕಡಿಮೆ ಇದ್ದಾಗ ನಾನು ಏನು ಮಾಡಿದೆ, ಅದರಿಂದ ಗುಂಪಿನ ಯಾರಿಗೆ ಏನಾಯಿತು. ಎಲ್ಲರೂ ಸರದಿಯಲ್ಲಿ ವೀಕ್ಷಕರಾಗುವಂತೆ ನೋಡಿಕೊಳ್ಳಿ. ಸದಾ ಮಾತಾಡುವವರಿಗೆ ಆ ಕಾಲು ಗಂಟೆಯ ಮೌನ ಬಹಳ ಕಲಿಸುತ್ತದೆ.

ಎರಡನೇ ಸುತ್ತಿಗೆ ಚೀಟಿಗಳನ್ನು ನಿಮ್ಮ ವಿದ್ಯಾರ್ಥಿಗಳಿಂದಲೇ ಬರೆಸಿ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲದ ಲೆಕ್ಕ ಬರೆಯುವ ಹುಡುಗನಿಗೆ, ತಾಯಿಯ ಸ್ವಸಹಾಯ ಸಂಘದ ಪುಸ್ತಕ ನೋಡಿಕೊಳ್ಳುವ ಹುಡುಗಿಗೆ ನಮಗಿಂತ ಚಲೋ ಸನ್ನಿವೇಶ ಗೊತ್ತಿರುತ್ತವೆ. ಚೆನ್ನಾಗಿ ಬಂದ ಚೀಟಿಗಳನ್ನು ಅವರ ಒಪ್ಪಿಗೆ ಪಡೆದು ನಮಗೂ ಕಳಿಸಿ. ಗದಗ, ಧಾರವಾಡ ಕಡೆಯ ಬೇರೆ ಕಾಲೇಜಿನವರೂ ಬಳಸಿಕೊಳ್ಳುವಂತೆ ಇದೇ ಪುಟದಲ್ಲಿ ಹಾಕುತ್ತೇವೆ.

– ಸಂಪಾದಕ