ನೆಮಟೋಡ್ ಒಳಗೆ ಹೊಕ್ಕಾಗ ಕೀಟದ ರೋಗನಿರೋಧಕ ಶಕ್ತಿ ಏನು ಮಾಡುತ್ತಿರುತ್ತದೆ?

ಕೀಟಗಳಿಗೂ ರೋಗನಿರೋಧಕ ಶಕ್ತಿ ಇದೆ ಅಂತಾರೆ, ಹಾಗಿದ್ದರೆ ನೆಮಟೋಡ್ (ಕೀಟ ಕೊಲ್ಲಲು ಮಣ್ಣಿಗೆ ಬಿಡುವ, ದಾರದಂಥ ಸಣ್ಣ ಜೀವಿ) ಹೊಕ್ಕ ಎರಡೇ ದಿನಕ್ಕೆ ಹುಳ ಹೇಗೆ ಸಾಯುತ್ತದೆ, ಕೆಲವು ಹುಳಗಳಿಗೆ ಮಾತ್ರ ಏನೂ ಆಗಲ್ಲ ಯಾಕೆ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ. ಎರಡಕ್ಕೂ ಉತ್ತರ ಇರುವುದು ನೆಮಟೋಡ್ ಒಳಗೆ ಹೊಕ್ಕ ಮೊದಲ ಕೆಲವು ಗಂಟೆಗಳಲ್ಲಿ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಯಾಕಂದ್ರೆ ಇಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಬೇರುಗಂಟು ತರುವ ನೆಮಟೋಡ್ ಬೇರೆ, ಇವು ಬೇರೆ. ಇವು ಸ್ಟೈನರ್ನೀಮ ಮತ್ತು ಹೆಟೆರೊರ‍್ಯಾಬ್ಡೈಟಿಸ್ ಎಂಬ ಗುಂಪಿನವು, ಗಿಡದ ತಂಟೆಗೆ ಹೋಗುವುದಿಲ್ಲ. ಮಣ್ಣಿನಲ್ಲಿ ಹುಳ ಹುಡುಕುವ ಮರಿ ಸುಮಾರು ಅರ್ಧ ಮಿಲಿಮೀಟರ್ ಉದ್ದ ಇರುತ್ತದೆ ಅಷ್ಟೇ. ಬಾಯಿ, ಗುದ, ಉಸಿರಾಟದ ರಂಧ್ರ, ಎಲ್ಲಿ ದಾರಿ ಸಿಕ್ಕರೂ ನುಗ್ಗಿ ಹುಳದ ರಕ್ತ ಇರುವ ಜಾಗಕ್ಕೆ ಹೋಗುತ್ತದೆ. ಹೆಟೆರೊರ‍್ಯಾಬ್ಡೈಟಿಸ್‌ಗೆ ಚಿಕ್ಕ ಹಲ್ಲೂ ಇದೆ. ಅದರಿಂದ ಚರ್ಮದ ಮೆತ್ತನೆ ಜಾಗವನ್ನೇ ಹರಿದುಕೊಂಡು ಹೋಗಬಲ್ಲದು.

ಈಗ ಕೀಟದ ಕಡೆ ನೋಡಿ. ಅದಕ್ಕೆ ನಮ್ಮ ಹಾಗೆ ಆಂಟಿಬಾಡಿ, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನು, ಇಲ್ಲ. ಆದರೆ ಇರುವುದೇ ಸಾಕಷ್ಟು ಬಲವಾಗಿದೆ. ರಕ್ತಕಣಗಳು ಬ್ಯಾಕ್ಟೀರಿಯಾವನ್ನು ನುಂಗಿಬಿಡುತ್ತವೆ. ನೆಮಟೋಡ್ ನುಂಗುವಷ್ಟು ಸಣ್ಣದಲ್ಲ, ಹಾಗಾಗಿ ಕಣಗಳೆಲ್ಲ ಬಂದು ಅದರ ಮೈಗೆ ಪದರ ಪದರವಾಗಿ ಅಂಟಿಕೊಳ್ಳುತ್ತವೆ, ಆಮೇಲೆ ಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಕೆಲಸ ಶುರು ಮಾಡಿ ಮೆಲನಿನ್ ಎಂಬ ಕಪ್ಪು ವಸ್ತುವನ್ನು ಕೂರಿಸುತ್ತದೆ, ಸುತ್ತ ಸಿಮೆಂಟ್ ಮೆತ್ತಿ ಗೋಡೆ ಕಟ್ಟಿದ ಹಾಗೆ. ಒಳಗೆ ಸಿಕ್ಕಿಕೊಂಡ ನೆಮಟೋಡ್ ಅಲ್ಲೇ ಸಾಯುತ್ತದೆ. ಇದಲ್ಲದೆ ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಪ್ರೋಟೀನುಗಳೂ ಇವೆ. 1981ರಲ್ಲಿ ವಿಜ್ಞಾನಿ ಹಾನ್ಸ್ ಬೋಮನ್ ತಂಡ ಸೆಕ್ರೋಪಿಯ ಎಂಬ ಪತಂಗದಲ್ಲಿ ವಿವರಿಸಿದ ಸೆಕ್ರೋಪಿನ್ ಇದಕ್ಕೆ ಹೆಸರಾದ ಉದಾಹರಣೆ.

ನೆಮಟೋಡ್‌ಗೆ ಇದರಿಂದ ಪಾರಾಗಲು ಇರುವ ಮೊದಲ ದಾರಿ ಗುರುತು ಸಿಗದಂತೆ ಇರುವುದು. ಸ್ಟೈನರ್ನೀಮ ಫೆಲ್ಟಿಯೆ ಎಂಬ ಜಾತಿಯ ಹೊರಚರ್ಮದ ಕೊಬ್ಬಿನ ಅಂಶ ಕೀಟದ ರಕ್ತದಲ್ಲಿರುವ ಪ್ರೋಟೀನುಗಳನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಅಪಾಯದ ಸೂಚನೆ ಮುಂದೆ ಹೋಗುವುದೇ ಇಲ್ಲ. ಇನ್ನೊಂದು ಜಾತಿ ಸ್ಟೈನರ್ನೀಮ ಗ್ಲೇಸರಿ. ಇದರ ಮೈಮೇಲಿನ ಪ್ರೋಟೀನುಗಳು ಜಪಾನಿ ದುಂಬಿಯ ಗೊಣ್ಣೆಹುಳದಲ್ಲಿ ಗೋಡೆ ಕಟ್ಟುವ ಕೆಲಸವನ್ನೇ ತಡೆಯುತ್ತವೆ. ಅದೇ ಹುಳಕ್ಕೆ ಹೆಟೆರೊರ‍್ಯಾಬ್ಡೈಟಿಸ್ ಹೊಕ್ಕರೆ ಬೇಗ ಗುರುತು ಸಿಕ್ಕಿ ಗೋಡೆಯೊಳಗೆ ಹೋಗುತ್ತದೆ, ಆದರೆ ಗ್ಲೇಸರಿಯ ಆ ಪ್ರೋಟೀನನ್ನು ಜೊತೆಗೆ ಕೊಟ್ಟರೆ ಅದೂ ಬಚಾವಾಗುತ್ತದೆ! ನನಗೆ ಈ ಪ್ರಯೋಗ ತುಂಬ ಇಷ್ಟ. ಒಂದೇ ಹುಳ, ಎರಡು ನೆಮಟೋಡ್, ವ್ಯತ್ಯಾಸ ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತದೆ.

ನಿಜವಾಗಿ ಕೊಲ್ಲುವ ಕೆಲಸ ಹೆಚ್ಚಾಗಿ ನೆಮಟೋಡ್‌ದಲ್ಲ, ಅದರ ಕರುಳಿನಲ್ಲಿರುವ ಬ್ಯಾಕ್ಟೀರಿಯಾದ್ದು. ಸ್ಟೈನರ್ನೀಮದಲ್ಲಿ ಝೀನೋರ‍್ಯಾಬ್ಡಸ್, ಹೆಟೆರೊರ‍್ಯಾಬ್ಡೈಟಿಸ್‌ನಲ್ಲಿ ಫೋಟೋರ‍್ಯಾಬ್ಡಸ್. ಒಳಗೆ ಬಂದ ನೆಮಟೋಡ್ ಇವನ್ನು ಹುಳದ ರಕ್ತಕ್ಕೆ ಬಿಡುತ್ತದೆ. ಮೊದಮೊದಲು ಇವು ಕಡಿಮೆ ಇರುತ್ತವೆ, ಸೆಕ್ರೋಪಿನ್‌ಗೆ ಸಿಕ್ಕಿ ಸಾಯಲೂಬಹುದು. ಆಗ ನೆಮಟೋಡೇ ಕೈಹಿಡಿಯುತ್ತದೆ. ಅದು ಬಿಡುವ ವಸ್ತು ಆ ಪ್ರೋಟೀನುಗಳನ್ನು ನಾಶ ಮಾಡುತ್ತದೆ, ಇದನ್ನೂ 1981ರಲ್ಲೇ ತೋರಿಸಿದ್ದಾರೆ. ನೆಲೆ ಸಿಕ್ಕ ಮೇಲೆ ಬ್ಯಾಕ್ಟೀರಿಯಾ ಋಣ ತೀರಿಸುತ್ತದೆ. ಝೀನೋರ‍್ಯಾಬ್ಡಸ್ ಕೀಟದ ಫಾಸ್ಫೋಲೈಪೇಸ್ ಎ2 ಕಿಣ್ವವನ್ನು ನಿಲ್ಲಿಸುತ್ತದೆ. ರಕ್ತಕಣಗಳನ್ನು ಕೆಲಸಕ್ಕೆ ಕರೆಯುವ ಐಕೋಸನಾಯ್ಡ್ ಎಂಬ ಸಂಕೇತ ತಯಾರಾಗುವುದೇ ಆ ಕಿಣ್ವದಿಂದ, ಅದು ನಿಂತರೆ ನುಂಗುವುದು, ಸುತ್ತುಗಟ್ಟುವುದು ಎಲ್ಲ ಕುಗ್ಗುತ್ತದೆ. ಫೋಟೋರ‍್ಯಾಬ್ಡಸ್ ಮೆಲನಿನ್ ಕಿಣ್ವವನ್ನೇ ತಡೆಯುವ ರಾಸಾಯನಿಕ ಮಾಡುತ್ತದೆ, ಜೊತೆಗೆ ರಕ್ತಕಣಗಳನ್ನು ಕೊಲ್ಲುವ ವಿಷವನ್ನೂ ಬಿಡುತ್ತದೆ. ಸಾಮಾನ್ಯವಾಗಿ 24ರಿಂದ 48 ಗಂಟೆಯಲ್ಲಿ ಹುಳ ಸತ್ತಿರುತ್ತದೆ.

ಹಾಗಾದ್ರೆ ಬದುಕುವ ಹುಳ ಹೇಗೆ ಬದುಕುತ್ತದೆ? ಬ್ಯಾಕ್ಟೀರಿಯಾ ಹೊರಬಿದ್ದು ಬಲವಾಗುವ ಮೊದಲೇ ಗೋಡೆ ಕಟ್ಟಿ ಮುಗಿಸಿದರೆ ಅದು ಗೆದ್ದ ಹಾಗೆ. ಒಂದೆರಡು ನೆಮಟೋಡ್ ಬಂದರೆ ಇದು ಸಾಧ್ಯ. ಜಾಸ್ತಿ ಒಟ್ಟಿಗೆ ನುಗ್ಗಿದರೆ ಕೆಲವು ಸಿಕ್ಕಿಬೀಳುತ್ತವೆ, ಉಳಿದವು ಬ್ಯಾಕ್ಟೀರಿಯಾ ಬಿಟ್ಟುಬಿಡುತ್ತವೆ. ಮಣ್ಣಿನಲ್ಲಿ ತುಂಬ ದೊಡ್ಡ ಸಂಖ್ಯೆಯಲ್ಲಿ ಬಿಡಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು, ನೆಮಟೋಡ್ ಸೋಲುವುದು ಯಾವಾಗಲೂ ಹುಳದ ರಕ್ತದಲ್ಲೇ ಅಲ್ಲ. ಗೊಣ್ಣೆಹುಳಗಳ ಉಸಿರಾಟದ ರಂಧ್ರಕ್ಕೆ ಜರಡಿಯಂಥ ಮುಚ್ಚಳ ಇರುತ್ತದೆ, ಮೈಮೇಲೆ ಹತ್ತಿದ್ದನ್ನು ಕಾಲಿನಿಂದ, ಬಾಯಿಯಿಂದ ಉಜ್ಜಿ ತೆಗೆಯುತ್ತವೆ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕಡಿಮೆ ಪ್ರಮಾಣದಲ್ಲಿ ತಾಗಿದ ಗೊಣ್ಣೆಹುಳ ಮಂಕಾಗಿ ಈ ಉಜ್ಜುವುದನ್ನು ಕಡಿಮೆ ಮಾಡುತ್ತದೆ, ಆಗ ನೆಮಟೋಡ್ ಜಾಸ್ತಿ ಹೊಗುತ್ತದೆ. ಆದ್ದರಿಂದ ನಿಮ್ಮ ಹುಳಕ್ಕೆ ಒಂದು ನೆಮಟೋಡ್ ಕೆಲಸ ಮಾಡಲಿಲ್ಲ ಅಂದರೆ ಡೋಸ್ ಏರಿಸುತ್ತಾ ಹೋಗುವ ಮೊದಲು, ಆ ಕೀಟಕ್ಕೆ ಹೊಂದುವ ಬೇರೆ ಜಾತಿ ಇದೆಯಾ ಅಂತ ನೋಡಿ.