ಅಲ್ಲಿ ಹಕ್ಕು, ಇಲ್ಲಿ ಪರವಾನಗಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಂದೂಕಿನ ಹಕ್ಕು, ಗಡಿ ಭದ್ರತೆ, ಸರ್ಕಾರಿ ನಿಯಮಗಳು ಎಂದು ಅಮೆರಿಕದ ಕನ್ಸರ್ವೇಟಿವ್ ಸಂಸದರು ಆಡುವ ಮಾತು ಈಗ ಮೊಬೈಲಿನಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧ ಅಲ್ಲಿನ ಮಾತು, ಅರ್ಧ ಇಲ್ಲಿನ ಕಬ್ಬಿನ ಗದ್ದೆಯ ಸಂಕಟ. ಎರಡನ್ನೂ ಒಟ್ಟಿಗೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಶಾಲೆಗಳಲ್ಲಿ ಗುಂಡು ಹಾರಿ ಮಕ್ಕಳು ಸತ್ತಾಗಲೂ ಅಮೆರಿಕದ ರಿಪಬ್ಲಿಕನ್ ಸಂಸದರು ಬಂದೂಕು ಕಾನೂನು ಬಿಗಿ ಮಾಡಲು ಒಪ್ಪುವುದಿಲ್ಲವಲ್ಲ, ಅವರ ವಾದವಾದರೂ ಏನು?
— ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಆಯುಧ ಇಟ್ಟುಕೊಳ್ಳುವ, ಧರಿಸುವ ಜನರ ಹಕ್ಕಿಗೆ ಚ್ಯುತಿ ಬರಬಾರದು ಎಂದು ಅವರ ಸಂವಿಧಾನದ ಎರಡನೇ ತಿದ್ದುಪಡಿ ಹೇಳುತ್ತದೆ. ಅದು 1791ರದು. ಈ ಹಕ್ಕು ನಾಗರಿಕ ಸೇನೆಗೆ ಸೇರಿದ್ದೋ, ಒಬ್ಬೊಬ್ಬ ವ್ಯಕ್ತಿಗೆ ಸೇರಿದ್ದೋ ಎಂಬ ಜಗಳ ಬಹುಕಾಲ ನಡೆಯಿತು. 2008ರಲ್ಲಿ ಹೆಲರ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಇದು ವ್ಯಕ್ತಿಯ ಹಕ್ಕು ಎಂದಿತು. 2022ರ ಬ್ರೂಯನ್ ತೀರ್ಪು ಇನ್ನೂ ಮುಂದೆ ಹೋಯಿತು: ಬಂದೂಕಿಗೆ ಕಡಿವಾಣ ಹಾಕುವ ಯಾವುದೇ ಕಾನೂನು ಆ ದೇಶದ ಚರಿತ್ರೆಯಲ್ಲಿ ಬೇರಿರುವ ಪರಂಪರೆಗೆ ಹೊಂದುತ್ತದೆಂದು ಸರ್ಕಾರವೇ ತೋರಿಸಬೇಕು. ಸಂಸದರ ಮಾತಿನ ತಿರುಳು ಇಷ್ಟೇ. ಬಂದೂಕು ಕೊಳ್ಳುವವನು ಕಾರಣ ಹೇಳಬೇಕಿಲ್ಲ, ಬೇಡ ಎನ್ನುವ ಸರ್ಕಾರ ಹೇಳಬೇಕು.

ಇದರಿಂದಲೇ ಅವರ ಮಿಕ್ಕ ನಿಲುವುಗಳೂ ಹುಟ್ಟುತ್ತವೆ. ಪರವಾನಗಿ ಪಡೆದ ಅಂಗಡಿಯಲ್ಲಿ ಬಂದೂಕು ಕೊಳ್ಳುವವನು 4473 ಎಂಬ ನಮೂನೆ ತುಂಬಬೇಕು. ಅಂಗಡಿಯವನು ಕೊಳ್ಳುವವನ ಹಿನ್ನೆಲೆ ನೋಡುವ, 1998ರಿಂದ ಇರುವ ರಾಷ್ಟ್ರೀಯ ತಪಾಸಣಾ ವ್ಯವಸ್ಥೆಗೆ ಹೆಸರು ಕಳಿಸುತ್ತಾನೆ. ಒಂದೇ ರಾಜ್ಯದ ಇಬ್ಬರು ಖಾಸಗಿಯಾಗಿ ಮಾರಿಕೊಂಡರೆ ಕೇಂದ್ರ ಕಾನೂನಿನ ಪ್ರಕಾರ ಈ ತಪಾಸಣೆ ಬೇಕಿಲ್ಲ. ಅದಕ್ಕೂ ತಪಾಸಣೆ ತನ್ನಿ ಎಂದು ಡೆಮಾಕ್ರಟರು ಕೇಳುತ್ತಾರೆ. ಯಾರ ಬಳಿ ಯಾವ ಬಂದೂಕಿದೆ ಎಂಬ ದಾಖಲೆ ಇಲ್ಲದೆ ಅದು ಜಾರಿಯಾಗದು, ಅಂಥ ದಾಖಲೆ ಇಟ್ಟರೆ ನಾಳೆ ಕಿತ್ತುಕೊಳ್ಳಲು ದಾರಿಯಾಗುತ್ತದೆ ಎಂಬುದು ಕನ್ಸರ್ವೇಟಿವರ ಭಯ. ಕೇಂದ್ರ ಸರ್ಕಾರ ಅಂಥ ನೋಂದಣಿ ಪುಸ್ತಕ ಇಡಕೂಡದೆಂದು 1986ರ ಕಾನೂನೇ ಹೇಳಿದೆ. ಒಂದು ರಾಜ್ಯದಲ್ಲಿ ಪಡೆದ, ಬಂದೂಕು ಮರೆಸಿ ಒಯ್ಯುವ ಪರವಾನಗಿಗೆ ಡ್ರೈವಿಂಗ್ ಲೈಸೆನ್ಸಿನ ಹಾಗೆ ಎಲ್ಲ ರಾಜ್ಯಗಳಲ್ಲೂ ಬೆಲೆ ಇರಬೇಕೆಂಬುದು ಅವರ ಇನ್ನೊಂದು ಬೇಡಿಕೆ. 2017ರ ಡಿಸೆಂಬರ್‌ನಲ್ಲಿ ಕೆಳಮನೆ ಅದನ್ನು 231–198 ಮತಗಳಿಂದ ಒಪ್ಪಿತು, ಮೇಲ್ಮನೆಯಾದ ಸೆನೆಟ್‌ನಲ್ಲಿ ನಿಂತುಹೋಯಿತು.

ಎಲ್ಲರೂ ಒಂದೇ ಅಚ್ಚಿನವರೆಂದು ತಿಳಿಯಬೇಡಿ. 2022ರ ಮೇ ತಿಂಗಳಲ್ಲಿ ಟೆಕ್ಸಾಸಿನ ಯುವಾಲ್ಡಿ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮೇಲೆ ಬಂದ ಕಾನೂನಿಗೆ 15 ರಿಪಬ್ಲಿಕನ್ ಸೆನೆಟರುಗಳು ಕೈಯೆತ್ತಿದರು. 21 ತುಂಬದವರ ತಪಾಸಣೆ ಆಗ ಬಿಗಿಯಾಯಿತು. ನಮಗೆ ಅವರ ವಾದದಲ್ಲಿ ತೀರಾ ದುರ್ಬಲವಾಗಿ ಕಾಣುವುದು ಮೂರು ದಿನದ ಗಡುವು. ಮೂರು ಕೆಲಸದ ದಿನಗಳಲ್ಲಿ ತಪಾಸಣೆ ಮುಗಿಯದಿದ್ದರೆ ಅಂಗಡಿಯವನು ಬಂದೂಕು ಕೊಟ್ಟುಬಿಡಬಹುದು. 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನಿಗೆ ಬಂದೂಕು ಸಿಕ್ಕಿದ್ದು ಹೀಗೆಯೇ. ಹಕ್ಕನ್ನು ಎಷ್ಟೇ ಗೌರವಿಸಿದರೂ ಈ ಕಿಂಡಿಯನ್ನು ಬಿಟ್ಟುಕೊಂಡಿರಲು ನ್ಯಾಯವಾದ ಕಾರಣವಿಲ್ಲ.

ಪ್ರಶ್ನೆ: ಮಗ ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದಾನೆ. ಅಲ್ಲಿ ಎಲ್ಲರ ಮನೆಯಲ್ಲೂ ಇದೆ, ನಾನೂ ಒಂದು ಪಿಸ್ತೂಲು ತಗೊಳ್ತೀನಿ ಅಂತಾನೆ. ತೊಂದರೆ ಇದೆಯೇ?
— ತಾಯಿಯೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಇದೆ ತಾಯಿ, ದೊಡ್ಡ ತೊಂದರೆಯೇ. ಇವತ್ತೇ ಫೋನ್ ಮಾಡಿ ಹೇಳಿ. ಎಚ್-1ಬಿ ಕೆಲಸದವರು, ಎಫ್-1 ವಿದ್ಯಾರ್ಥಿಗಳು, ಬಿ-2 ಪ್ರವಾಸಿಗಳು ಬಂದೂಕಾಗಲಿ ತೋಟೆಯಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ಅಪರಾಧ ಎನ್ನುತ್ತದೆ. 2022ರಿಂದ ಇದಕ್ಕೆ 15 ವರ್ಷದವರೆಗೆ ಸೆರೆವಾಸ. ಟೆಕ್ಸಾಸ್ ರಾಜ್ಯದ ಕಾನೂನು ಎಷ್ಟೇ ಸಡಿಲವಿರಲಿ, ಕೇಂದ್ರದ್ದು ತಪ್ಪುವುದಿಲ್ಲ. ಗ್ರೀನ್ ಕಾರ್ಡ್ ಬಂದವರಿಗೆ ಈ ನಿಷೇಧವಿಲ್ಲ.

ವೀಸಾದವರಿಗೆ ಇರುವ ಮುಖ್ಯ ವಿನಾಯಿತಿ, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿ ಬೇಟೆ ಪರವಾನಗಿ. ಅದು ಇಲ್ಲದೆ 4473ರಲ್ಲಿ ವೀಸಾದ ಪ್ರಶ್ನೆಗೆ ತಪ್ಪು ಉತ್ತರ ಬರೆದರೆ ಸುಳ್ಳು ಹೇಳಿಕೆಯ ಬೇರೊಂದು ಅಪರಾಧ ಕೂಡಿಕೊಳ್ಳುತ್ತದೆ. ಶನಿವಾರ ಗೆಳೆಯರೊಡನೆ ಗುರಿ ಅಭ್ಯಾಸದ ಕೇಂದ್ರಕ್ಕೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದರೂ ಅದು ಕೈವಶ ಹೊಂದಿದಂತೆಯೇ. ಬಹಳ ಹುಡುಗರು ಎಡವುವುದು ಇಲ್ಲೇ, ಫೋಟೋವನ್ನು ತಾವೇ ಹಾಕಿಕೊಂಡಿರುತ್ತಾರೆ.

ಇನ್ನೊಂದು ಮಾತು. ಊರಿಗೆ ಬರುವಾಗ ಚೀಲದ ಮೂಲೆಯಲ್ಲಿ ಒಂದು ಜೀವಂತ ತೋಟೆ ಉಳಿದಿದ್ದರೂ ನಮ್ಮ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯಿದೆಯಡಿ ಕೇಸಾಗುತ್ತದೆ. ತಿಳಿದು ಇಟ್ಟುಕೊಂಡದ್ದಲ್ಲವೆಂದು ಆಮೇಲೆ ಕೋರ್ಟಿನಲ್ಲಿ ಬಿಡುಗಡೆ ಸಿಗಬಹುದು, ಅಷ್ಟರಲ್ಲಿ ರಜೆಯೂ ಹೋಗಿರುತ್ತದೆ, ಕೆಲಸಕ್ಕೂ ಕುತ್ತು. ಬೇರೆಯವರಿಂದ ಎರವಲು ತಂದ ಚೀಲವಾದರೆ ಪ್ರತಿ ಜೇಬನ್ನೂ ತಿರುವಿ ನೋಡಲಿ.

ಪ್ರಶ್ನೆ: ಗಡಿ ಭದ್ರತೆ ಎಂದು ಅವರು ಕೂಗುವುದು ನಮ್ಮ ಹುಡುಗರ ಮೇಲೋ? ನಾವು ದಂಪತಿ ಆರು ತಿಂಗಳಿಗೆ ಮಗಳ ಮನೆಗೆ ಹೊರಟಿದ್ದೇವೆ.
— ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಅವರ ಕಣ್ಣಿರುವುದು ಮುಖ್ಯವಾಗಿ ಮೆಕ್ಸಿಕೊ ಕಡೆಯ ಸುಮಾರು 3,145 ಕಿ.ಮೀ. ಗಡಿಯ ಮೇಲೆ. 2023ರ ಮೇ ತಿಂಗಳಲ್ಲಿ ಕೆಳಮನೆ 219–213ರಲ್ಲಿ ಒಪ್ಪಿದ ಮಸೂದೆಯಲ್ಲಿ ಅವರಿಗೆ ಬೇಕಾದ್ದೆಲ್ಲ ಇತ್ತು: ಗೋಡೆ ಕಟ್ಟುವುದು, ಆಶ್ರಯ ಕೋರುವ ನಿಯಮ ಬಿಗಿ ಮಾಡುವುದು, ಕೆಲಸಕ್ಕೆ ಸೇರಿಸುವ ಮುನ್ನ ಪ್ರತಿಯೊಬ್ಬರ ಅರ್ಹತೆಯನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸುವುದು. ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. 2025ರ ಜುಲೈನ ಕಾನೂನು ಗೋಡೆಗೆಂದೇ 46.5 ಶತಕೋಟಿ ಡಾಲರ್ ಕೊಟ್ಟಿತು. ಎಚ್-1ಬಿ ಹೊಸ ಅರ್ಜಿಗಳ ಮೇಲೆ ಬಂದ ಒಂದು ಲಕ್ಷ ಡಾಲರ್ ಶುಲ್ಕ ಬೇರೆಯೇ ವಿಷಯ. ಅದು 2025ರ ಸೆಪ್ಟೆಂಬರ್‌ನ ಅಧ್ಯಕ್ಷರ ಘೋಷಣೆ.

ಆದರೆ ಅವಧಿ ಮೀರಿ ಉಳಿಯುವವರೂ ಅವರ ಲೆಕ್ಕದಲ್ಲಿ ಗಡಿ ಸಮಸ್ಯೆಯೇ, ನಿಮಗೆ ತಟ್ಟುವುದು ಇದು. ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವೀಸಾ ಇದೆ ಎಂದು ನೆಮ್ಮದಿಯಾಗಿರಬೇಡಿ. ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವುದು, ಅಲ್ಲಿ ಇಳಿದಾಗ ಗಡಿ ಅಧಿಕಾರಿಗಳು ಮಾಡುವ ಐ-94 ಎಂಬ ಪ್ರವೇಶ ದಾಖಲೆಯ ತಾರೀಖು. ಇಳಿದ ವಾರದಲ್ಲೇ ಮಗಳ ಕೈಲಿ ಜಾಲತಾಣದಿಂದ ಅದನ್ನು ತೆಗೆಸಿ, ಇಬ್ಬರದೂ ಬೇರೆ ಬೇರೆ ನೋಡಿ. ಗಂಡನಿಗೆ ಒಂದು ತಾರೀಖು, ಹೆಂಡತಿಗೆ ಇನ್ನೊಂದು ಬಿದ್ದಿರಬಹುದು. ಆ ತಾರೀಖು ದಾಟಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಉಳಿದರೆ ಹತ್ತು ವರ್ಷ ಮತ್ತೆ ಪ್ರವೇಶವಿಲ್ಲ. ಬಾಣಂತನ, ಮೊಮ್ಮಗುವಿನ ನಾಮಕರಣ ಎಂದು ಉಳಿಯಲೇಬೇಕಾದರೆ ತಾರೀಖು ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿ.

ಪ್ರಶ್ನೆ: ‘ನಿಯಮಗಳನ್ನು ಕಡಿಮೆ ಮಾಡಿ’ ಎನ್ನುತ್ತಾರಲ್ಲ, ಯಾವ ನಿಯಮ?
— ವಿದ್ಯಾರ್ಥಿ, ಮಾನಸಗಂಗೋತ್ರಿ

ಉತ್ತರ: ಸಂಸತ್ತು ಕಾನೂನು ಮಾಡಿದ ಮೇಲೆ ಇಲಾಖೆಗಳು ಅದರಡಿ ಹೊರಡಿಸುವ ನಿಯಮಗಳು. ಆರ್ಥಿಕತೆಯ ಮೇಲೆ ವರ್ಷಕ್ಕೆ ಹತ್ತು ಕೋಟಿ ಡಾಲರಿಗೆ ಮೇಲ್ಪಟ್ಟ ಪರಿಣಾಮ ಬೀರುವ ನಿಯಮಕ್ಕೆ ಸಂಸತ್ತು ಮತ್ತೆ ಮತ ಹಾಕಿ ಒಪ್ಪಲೇಬೇಕೆಂಬ ‘ರೇನ್ಸ್’ ಮಸೂದೆಯನ್ನು ಕೆಳಮನೆಯ ರಿಪಬ್ಲಿಕನ್ನರು 2011ರಿಂದ ಹಲವು ಸಲ ಪಾಸು ಮಾಡಿದ್ದಾರೆ, ಸೆನೆಟ್ ದಾಟಿಲ್ಲ. ಅರ್ಧ ಗೆಲುವು ಕೋರ್ಟಿನಿಂದ ಬಂತು. ಕಾನೂನಿನ ಪದ ಅಸ್ಪಷ್ಟವಿದ್ದರೆ ಇಲಾಖೆಯ ಅರ್ಥಕ್ಕೆ ಮನ್ನಣೆ ಕೊಡುವ 1984ರ ಷೆವ್ರಾನ್ ಸೂತ್ರವನ್ನು 2024ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು.

ಪ್ರಶ್ನೆ: ಮಳವಳ್ಳಿ ತಾಲ್ಲೂಕು ನಮ್ಮದು. ಎರಡು ಎಕರೆ ಕಬ್ಬು, ಒಂದೆಕರೆ ಮುಸುಕಿನ ಜೋಳ. ಕತ್ತಲಾದರೆ ಕಾಡುಹಂದಿ ಹಿಂಡು ನುಗ್ಗುತ್ತೆ. ಅಮೆರಿಕದವರಿಗಿರೋ ಹಕ್ಕು ನಮಗ್ಯಾಕಿಲ್ಲ? ಬೆಳೆ ಕಾಯಲು ಬಂದೂಕಿನ ಲೈಸೆನ್ಸ್ ಹೇಗೆ ಪಡೆಯೋದು?
— ರೈತರೊಬ್ಬರು

ಉತ್ತರ: ನಮ್ಮವರೂ ಒಮ್ಮೆ ಈ ಹಕ್ಕು ಕೇಳಿದ್ದರು. 1878ರ ಬ್ರಿಟಿಷ್ ಕಾಯಿದೆ ಭಾರತೀಯರ ಕೈಯಿಂದ ಆಯುಧ ಕಿತ್ತುಕೊಂಡಿತ್ತು. ಆ ನೋವಿನಲ್ಲೇ 1931ರ ಕರಾಚಿ ಕಾಂಗ್ರೆಸ್ ನಿರ್ಣಯ ನಿಯಮಗಳಿಗೊಳಪಟ್ಟ ಆಯುಧದ ಹಕ್ಕನ್ನು ಪಟ್ಟಿಗೆ ಸೇರಿಸಿತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅದನ್ನು ಮೂಲಭೂತ ಹಕ್ಕಾಗಿಸಲು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಹಾಗಾಗಿ ಇಲ್ಲಿ ಕಾರಣ ಹೇಳಬೇಕಾದವರು ನೀವು. ಅಂಬೇಡ್ಕರರ ತೀರ್ಮಾನ ಸರಿ ಎಂದೇ ನಮ್ಮ ನಂಬಿಕೆ. ಆದರೆ ಬೆಳೆ ಕಳೆದುಕೊಳ್ಳುವ ರೈತನ ಕಾರಣವನ್ನು ಕಾನೂನು ಗಂಭೀರವಾಗಿಯೇ ತೆಗೆದುಕೊಂಡಿದೆ. ಬೆಳೆ ರಕ್ಷಣೆಗೆ ನಿಜವಾಗಿಯೂ ಬೇಕೆಂದರೆ ಕೇಪಿನ ಕೋವಿಗೆ (ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು) ಲೈಸೆನ್ಸ್ ಕೊಡಬೇಕೆಂದು 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಂ ಹೇಳುತ್ತದೆ. ಅದು ಸಾಲದೆಂದು ಮನವರಿಕೆಯಾದರೆ ತೋಟೆ ಕೋವಿಗೂ ಕೊಡಬಹುದು. ಆಸ್ತಿ ಸಾಲದೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ.

ನಿಮ್ಮ ಜಿಲ್ಲೆಯಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಮೈಸೂರು ನಗರದೊಳಗಾದರೆ ಪೊಲೀಸ್ ಕಮಿಷನರ್. ವಯಸ್ಸು 21 ತುಂಬಿರಬೇಕು. ಎ-1 ನಮೂನೆಯ ಅರ್ಜಿ, ಬಿಳಿ ಹಿನ್ನೆಲೆಯ ನಾಲ್ಕು ಫೋಟೋ, ಗುರುತು ಮತ್ತು ವಿಳಾಸದ ದಾಖಲೆ, ದೇಹ–ಮನಸ್ಸಿನ ಆರೋಗ್ಯದ ವೈದ್ಯರ ಪತ್ರ, ಬಂದೂಕು ಸುರಕ್ಷತೆಯ ತರಬೇತಿ ಪತ್ರ, ಮನೆಯಲ್ಲಿ ಬೀಗ ಹಾಕಿ ಇಡುತ್ತೇನೆಂಬ ಮುಚ್ಚಳಿಕೆ, ಜಮೀನಿನ ಪಹಣಿ. ಬೆಳೆ ಹಾಳಾದ ಫೋಟೋ, ಅರಣ್ಯ ಇಲಾಖೆಗೆ ಹಿಂದೆ ಕೊಟ್ಟ ಪರಿಹಾರದ ಅರ್ಜಿಗಳಿದ್ದರೆ ಅವನ್ನೂ ಲಗತ್ತಿಸಿ. ಆಮೇಲೆ ಕಡತ ನಿಮ್ಮ ಠಾಣೆಗೆ ವಿಚಾರಣೆಗೆ ಬರುತ್ತದೆ.

ಅರ್ಜಿ ಕೆಡುವ ಜಾಗಗಳನ್ನು ತಿಳಿದುಕೊಳ್ಳಿ. ಪಹಣಿ ಇನ್ನೂ ತೀರಿಕೊಂಡ ತಂದೆಯ, ತಾತನ ಹೆಸರಿನಲ್ಲಿದ್ದರೆ ನಿಮಗೆ ಬೆಳೆ ಇದೆ ಎನ್ನುವುದಕ್ಕೇ ಕಾಗದವಿಲ್ಲದಂತಾಗುತ್ತದೆ. ಮೊದಲು ಪೌತಿ ಖಾತೆ ಮಾಡಿಸಿ. ಉದ್ದೇಶದ ಕಾಲಂನಲ್ಲಿ ‘ಆತ್ಮರಕ್ಷಣೆ ಹಾಗೂ ಬೆಳೆ ರಕ್ಷಣೆ’ ಎಂದು ಎರಡನ್ನೂ ಬರೆಯಬೇಡಿ. ಆತ್ಮರಕ್ಷಣೆ ಎಂದ ಕೂಡಲೇ ಯಾರಿಂದ ಬೆದರಿಕೆ ಎಂಬ ಪ್ರಶ್ನೆ ಏಳುತ್ತದೆ. ಎಲ್ಲಕ್ಕಿಂತ ದೊಡ್ಡ ತಡೆ 10 ಕಿ.ಮೀ. ಗೆರೆ. ವನ್ಯಧಾಮದಿಂದ 10 ಕಿ.ಮೀ. ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು (1972ರ ವನ್ಯಜೀವಿ ಕಾಯಿದೆ, 34ನೇ ಕಲಂ). ಮುತ್ತತ್ತಿ ಕಡೆಯ ಹಳ್ಳಿಗಳಿಗೆ ಕಾವೇರಿ ವನ್ಯಧಾಮ, ಎಚ್.ಡಿ. ಕೋಟೆ, ಸರಗೂರಿಗೆ ನಾಗರಹೊಳೆ, ಬಂಡೀಪುರ. ಕಾಡೇ ಕಾಣದ ಶ್ರೀರಂಗಪಟ್ಟಣಕ್ಕೂ ರಂಗನತಿಟ್ಟಿನಿಂದಾಗಿ ಈ ಗೆರೆ ತಾಗುತ್ತದೆ. ನಿಮ್ಮ ಊರು ಗೆರೆಯೊಳಗಿದ್ದರೆ ಅರ್ಜಿಯಲ್ಲೇ ಅದನ್ನು ತಿಳಿಸಿ ಒಪ್ಪಿಗೆಗೆ ಕಳಿಸಲು ಕೋರಿ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ; 18ನೇ ಕಲಮಿನಡಿ ಮೇಲ್ಮನವಿಗೆ ಅದೇ ಆಧಾರ.

ಲೈಸೆನ್ಸ್ ಸಿಕ್ಕಿತೆಂದು ಹಂದಿ ಹೊಡೆಯುವ ಅನುಮತಿಯೂ ಸಿಕ್ಕಿತೆಂದು ತಿಳಿಯಬೇಡಿ. 2023ರ ಏಪ್ರಿಲ್ 1ರಿಂದ ಕಾಡುಹಂದಿ ವನ್ಯಜೀವಿ ಕಾಯಿದೆಯ ಎರಡನೇ ಅನುಸೂಚಿಯಲ್ಲಿದೆ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ. ಕೊಲ್ಲಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಬೇಕು. ಕಬ್ಬಿನೊಳಗೆ ಅಲುಗಾಡಿದ್ದಕ್ಕೆಲ್ಲ ಗುರಿಯಿಡಲೇಬೇಡಿ. ಚಿರತೆ ಮರಿ ಹಾಕುವುದೂ ಅಲ್ಲೇ, ನೀರು ಕಟ್ಟಲು ಬರುವ ಪಕ್ಕದ ಜಮೀನಿನವರು ಓಡಾಡುವುದೂ ಅಲ್ಲೇ. ಬೇಲಿಗೆ ನೇರ ಕರೆಂಟ್ ಕೊಡುವುದಂತೂ ಕೊಲೆಗೆ ಸಮ. ಲೈಸೆನ್ಸಿಲ್ಲದ ನಾಡಬಂದೂಕು ಸಿಕ್ಕರೆ 2019ರ ತಿದ್ದುಪಡಿಯ ಮೇಲೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ ಸಜೆ.

ಪ್ರಶ್ನೆ: ತಂದೆಯವರು ತೀರಿಕೊಂಡು ಎಂಟು ತಿಂಗಳಾಯಿತು. ಅವರ ಜೋಡುನಳಿಗೆ ಕೋವಿ ಅಟ್ಟದ ಮೇಲಿದೆ. ಲೈಸೆನ್ಸ್ ನನ್ನ ಹೆಸರಿಗೆ ಆಗುತ್ತದೆಯೇ?
— ಓದುಗರೊಬ್ಬರು, ಕೆ.ಆರ್. ಪೇಟೆ

ಉತ್ತರ: ಆಗುತ್ತದೆ, ಆದರೆ ಕೋವಿ ಅಟ್ಟದ ಮೇಲಿರುವುದು ತಪ್ಪು. ತಂದೆಯವರೊಡನೆ ಅವರ ಲೈಸೆನ್ಸೂ ಮುಗಿಯಿತು. ಈಗ ಅದು ಲೈಸೆನ್ಸಿಲ್ಲದ ಆಯುಧ. ಮೊದಲು ಠಾಣೆಗೆ ಫೋನ್ ಮಾಡಿ ತಿಳಿಸಿ. ಕೋವಿಯನ್ನು ಬಗ್ಗಿಸಿ ಎರಡೂ ನಳಿಗೆ ಖಾಲಿ ಇದೆಯೇ ನೋಡಿ, ನೋಡಲು ಬರದಿದ್ದರೆ ಮುಟ್ಟದೆ ಪೊಲೀಸರನ್ನೇ ಕರೆಸಿ. ಮರಣ ಪತ್ರ, ಹಳೆಯ ಲೈಸೆನ್ಸ್ ಪುಸ್ತಕ, ಉಳಿದ ತೋಟೆಗಳ ಸಮೇತ ಜಮಾ ಮಾಡಿ. ತಡವಾದದ್ದಕ್ಕೆ ಕಾರಣವನ್ನು ಪತ್ರದಲ್ಲಿ ಇದ್ದದ್ದು ಇದ್ದಂತೆ ಬರೆಯಿರಿ.

ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಿ. ತಾಯಿ, ಅಣ್ಣತಮ್ಮ, ಅಕ್ಕತಂಗಿಯರೆಲ್ಲರ ಒಪ್ಪಿಗೆಯ ಪ್ರಮಾಣಪತ್ರ ಇರಲಿ. ಒಬ್ಬ ತಂಗಿಯ ಸಹಿ ಇಲ್ಲವೆಂದೂ ಕಡತ ನಿಲ್ಲುತ್ತದೆ. ಲೈಸೆನ್ಸುದಾರರಿಗೆ 70 ವರ್ಷವಾದರೆ ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಹಿರಿಯರಿರುವ ಮನೆಯವರು ಇದನ್ನು ಈಗಲೇ ಮಾಡಿಕೊಳ್ಳುವುದು ಒಳ್ಳೆಯದು.

ನಳಿಗೆಯ ತುದಿ ತುಕ್ಕು ಹಿಡಿದಿದೆ ಎಂದು ಯಾರಾದರೂ ಕತ್ತರಿಸಿಕೊಡುತ್ತೇನೆಂದರೆ ಬಿಡಬೇಡಿ. ನಳಿಗೆ ಮೊಟಕು ಮಾಡುವುದೇ ಅಪರಾಧ, ಬೆಳೆ, ಆತ್ಮರಕ್ಷಣೆ, ಬೇಟೆ ಕ್ರೀಡೆಗೆ ಕೊಡುವ ಇಂಥ ಕೋವಿಯ ನಳಿಗೆ 20 ಅಂಗುಲಕ್ಕೆ ಕಡಿಮೆ ಇರಬಾರದು. ಅಳೆಯುವುದು ಬಾಯಿಂದ ಹಿಡಿದು ಮದ್ದು ಸಿಡಿಯುವ ಜಾಗದವರೆಗೆ. ಜಮಾ ಮಾಡುವಾಗ ರಸೀದಿಯಲ್ಲಿ ಕೋವಿಯ ನಂಬರ್, ತಯಾರಕರ ಹೆಸರು, ತೋಟೆಗಳ ಎಣಿಕೆ ಬರೆಸಿಕೊಳ್ಳಿ. ನಳಿಗೆಯ ಮೇಲಿನ ನಂಬರಿಗೂ ಲೈಸೆನ್ಸ್ ಪುಸ್ತಕದ ನಂಬರಿಗೂ ಒಂದಂಕಿ ವ್ಯತ್ಯಾಸ ಕಂಡರೂ ಅಲ್ಲೇ, ಅಧಿಕಾರಿಯ ಎದುರಿಗೇ ಬರಹದಲ್ಲಿ ದಾಖಲಿಸಿ.