ನಲವತ್ತು ಪದ ಬೇಡ, ಎರಡು ಸಾಕು

ನಮಸ್ಕಾರ.

ಅಚ್ಚಿಗೆಂದು ನೀವು ಕಳಿಸಿದ ‘ಕೃಷಿ ವಿಜ್ಞಾನದ 40 ಪದಗಳು’ ಓದಿದೆ. ಭಾಷೆ ಚೊಕ್ಕವಾಗಿದೆ, ಎಲ್ಲೂ ಎಳೆದಾಡಿಲ್ಲ. ಇಂಥ ಬರಹ ಕನ್ನಡದಲ್ಲಿ ಬೇಕು ಅನ್ನುವ ನಿಮ್ಮ ಆಸೆಯೂ ಸರಿ. ಆದರೆ ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. ಉಳಿದ 38ರ ಮಾತು ಇವತ್ತು ಬೇಡ.

ಮೊದಲನೆಯದು ಹೈಬ್ರಿಡ್. ನೀವು ಬರೆದದ್ದು ಹೀಗೆ: “ಹೈಬ್ರಿಡ್ ಬೀಜವೆಂದರೆ ಹೆಚ್ಚು ಇಳುವರಿಗಾಗಿ ವಿಜ್ಞಾನಿಗಳು ಜೀನ್ ಬದಲಿಸಿ ತಯಾರಿಸಿದ ಬೀಜ. ಉದಾಹರಣೆ: ಇಂಡಾಫ್ ರಾಗಿ, ಬಿಟಿ ಹತ್ತಿ. ಇದನ್ನು ಮರುವರ್ಷ ಬಿತ್ತಿದರೆ ಮೊಳೆಯುವುದಿಲ್ಲ.”

‘ಜೀನ್ ಬದಲಿಸಿ’ ಅಂತ ಯಾರು ಹೇಳಿದರು? ಹೈಬ್ರಿಡ್ ಅಂದರೆ ಎರಡು ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಬೀಜ, ಅಷ್ಟೇ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಬಂತು. ಲಕ್ಷ್ಮಿ ಅನ್ನುವ ತಳಿಯನ್ನು ಬಾರ್ಬಡೆನ್ಸ್ ಎಂಬ ಬೇರೆಯೇ ಜಾತಿಯ ಹತ್ತಿಯ ಜೊತೆ ಕೂಡಿಸಿ ಮಾಡಿದ್ದು ಅದು. ಇಂಥ ಬೀಜ ತಯಾರಾಗುವುದು ಹೊಲದಲ್ಲೇ. ನಾಳೆ ಅರಳುವ ಮೊಗ್ಗನ್ನು ಸಂಜೆ ಬಿಡಿಸಿ, ಪರಾಗ ಕೊಡುವ ಕೇಸರಗಳನ್ನು ಕಿತ್ತುಹಾಕುತ್ತಾರೆ. ಬೆಳಿಗ್ಗೆ ಇನ್ನೊಂದು ತಳಿಯ ಹೂ ತಂದು ಪರಾಗ ಸವರುತ್ತಾರೆ. ಒಂದೊಂದು ಹೂವಿಗೂ ಇಷ್ಟು ಕೆಲಸ. ಹೈಬ್ರಿಡ್ ಬೀಜಕ್ಕೆ ಅಷ್ಟು ಬೆಲೆ ಯಾಕೆ ಅನ್ನುವುದಕ್ಕೆ ಒಂದು ಮುಖ್ಯ ಕಾರಣ ಇಲ್ಲೇ ಇದೆ. ನಿಮ್ಮ ವಿವರಣೆಯಲ್ಲಿ ಆ ಕೂಲಿ ಹೆಂಗಸರ ಬೆರಳುಗಳೇ ಇಲ್ಲ.

‘ಇಂಡಾಫ್ ರಾಗಿ’ ಉದಾಹರಣೆ ನೋಡಿ ನನಗೆ ನೋವೇ ಆಯಿತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿದರು, ನಿಜ. ರಾಗಿಯ ಹೂ ಎಷ್ಟು ಸಣ್ಣದು, ಅದನ್ನು ಬಿಡಿಸಿ ಸಂಕರ ಮಾಡುವುದು ಎಷ್ಟು ತ್ರಾಸು ಅಂತ ಒಮ್ಮೆ ತೆನೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಆ ಸಂಕರದ ಮಕ್ಕಳು, ಮೊಮ್ಮಕ್ಕಳಲ್ಲಿ ಒಳ್ಳೆಯವನ್ನು ಆರಿಸುತ್ತಾ, ಗುಣ ಗಟ್ಟಿಯಾಗಿ ನಿಲ್ಲುವವರೆಗೆ ಬೆಳೆಸಿದರು. ಹಾಗಾಗಿ ಅದು ಸುಧಾರಿತ ತಳಿ. ರೈತ ತನ್ನ ಕಣದಿಂದಲೇ ಬೀಜ ಎತ್ತಿಟ್ಟು ಮರುವರ್ಷ ಬಿತ್ತಬಹುದು. ಹೈಬ್ರಿಡ್ ಅಂದುಬಿಟ್ಟರೆ ಆ ಅನುಕೂಲವೇ ಅಳಿಸಿಹೋಗುತ್ತದೆ, ಅಲ್ವಾ?

ಬಿಟಿ ಹತ್ತಿಯದು ಬೇರೆ ಕಥೆ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನನ್ನು ಪ್ರಯೋಗಾಲಯದಲ್ಲಿ ಹತ್ತಿಗೆ ಸೇರಿಸಿದ್ದು ಅದು, ಕಾಯಿಕೊರಕಕ್ಕೆ ತಡೆಯಾಗಿ. ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಮಾರಾಟಕ್ಕೆ ಬಂದದ್ದು ಹೈಬ್ರಿಡ್ ಬೀಜವಾಗಿ. ಹೊಸ ಜೀನೂ ಹೈಬ್ರಿಡ್ ಗುಣವೂ ಒಂದೇ ಬೀಜದಲ್ಲಿ ಇದ್ದುದರಿಂದ ಜನ ಎರಡನ್ನೂ ಒಂದೇ ಅಂದುಕೊಂಡರು. ಬಿಡಿಸಿ ಹೇಳಬೇಕಾದವರು ನೀವು.

‘ಮೊಳೆಯುವುದಿಲ್ಲ’ ಅನ್ನುವುದೂ ತಪ್ಪು. ಹೈಬ್ರಿಡ್ ಬೆಳೆಯ ಬೀಜ ಚೆನ್ನಾಗಿಯೇ ಮೊಳೆಯುತ್ತದೆ. ಆದರೆ ಅಪ್ಪ-ಅಮ್ಮನ ಗುಣಗಳು ಮರುಪೀಳಿಗೆಯಲ್ಲಿ ಚದುರುತ್ತವೆ. ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದು ಬೇಗ ಹೂ ಬಿಡುತ್ತದೆ, ಇನ್ನೊಂದು ತಡ. ಇಳುವರಿ ಇಳಿಯುತ್ತದೆ.

ಎರಡನೆಯದು ಸಾರಜನಕ. ನಿಮ್ಮ ಸಾಲು: “ದ್ವಿದಳ ಗಿಡಗಳು ಗಾಳಿಯ ಸಾರಜನಕವನ್ನು ಎಲೆಗಳಿಂದ ಹೀರಿ ಮಣ್ಣಿಗೆ ಬಿಡುತ್ತವೆ. ಆದ್ದರಿಂದ ತೊಗರಿ ಬೆಳೆದ ಹೊಲಕ್ಕೆ ಗೊಬ್ಬರ ಬೇಡ.”

ನಾನು ಕೃಷಿ ಪುಟದಲ್ಲಿ ಕೆಲಸ ಕಲಿಯುವಾಗ ಒಬ್ಬ ಹಿರಿಯರಿದ್ದರು. ಪದಕೋಶದಿಂದ ಎತ್ತಿದ ವಿವರಣೆ ಕೊಟ್ಟರೆ ಓದುತ್ತಲೇ ಇರಲಿಲ್ಲ. “ಕಣ್ಣಾರೆ ನೋಡಿದ್ದೀಯೇನಪ್ಪಾ?” ಅಷ್ಟೇ ಕೇಳುತ್ತಿದ್ದರು. ಒಮ್ಮೆ ಅಲಸಂದೆ ಹೊಲಕ್ಕೇ ಕರೆದುಕೊಂಡು ಹೋದರು. ಗಿಡವನ್ನು ಕೀಳಲು ಬಿಡಲಿಲ್ಲ, ಮಣ್ಣು ಸಮೇತ ಅಗೆಸಿದರು. ಕಿತ್ತರೆ ಬೇರಿನ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಬೇರು ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ ತೋರಿಸಿದರು. ಒಳಗೆ ನಸುಗೆಂಪು. ಆ ಬಣ್ಣವಿದ್ದರೆ ಗಂಟು ಕೆಲಸ ಮಾಡುತ್ತಿದೆ ಅಂತ ಅರ್ಥ. ಒಳಗೆ ಹಸಿರೋ ಬೂದಿಯೋ ಆಗಿದ್ದರೆ ಇಲ್ಲ.

ಗಾಳಿಯಲ್ಲಿ 78% ಸಾರಜನಕವೇ. ಆದರೂ ಯಾವ ಎಲೆಯೂ ಅದನ್ನು ಹಾಗೇ ಬಳಸಿಕೊಳ್ಳಲಾರದು. ಅದನ್ನು ಒಡೆಯುವುದು ಬೇರುಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಿಡಕ್ಕೆ ಅಮೋನಿಯಾ ಕೊಡುತ್ತದೆ. ಹೀಗೆ ಸಿಕ್ಕಿದ್ದರಲ್ಲಿ ಬಹುಪಾಲು ಗಿಡದ ಮೈಗೆ, ಕಾಳಿಗೆ ಹೋಗುತ್ತದೆ. ಮಣ್ಣಿಗೆ ಸೇರುವುದು ಮುಖ್ಯವಾಗಿ ಉದುರಿದ ಎಲೆ, ಕೊಳೆತ ಬೇರಿನಿಂದ. ಗಿಡವನ್ನೇ ಕಿತ್ತು ಸಾಗಿಸಿದರೆ ಹೊಲಕ್ಕೆ ಉಳಿಯುವುದು ಕಡಿಮೆ. ರಂಜಕ, ಪೊಟ್ಯಾಷ್ ಅಂತೂ ಗಾಳಿಯಿಂದ ಬರುವುದೇ ಇಲ್ಲ. ನಿಮ್ಮ ‘ಗೊಬ್ಬರ ಬೇಡ’ ನಂಬಿ ಒಬ್ಬ ರೈತ ಸುಮ್ನೆ ಕೂತರೆ ನಷ್ಟ ಅವನದು. ಆ ಸಾಲನ್ನು ನಾನು ಅಚ್ಚು ಹಾಕುವುದಿಲ್ಲ.

ಈ ಎರಡನ್ನೇ ಮತ್ತೆ ಬರೆಯಿರಿ, ಜಾಸ್ತಿ ಜಾಗ ಕೊಡುತ್ತೇನೆ. ರಾಣೆಬೆನ್ನೂರು ಕಡೆ ಹೈಬ್ರಿಡ್ ಬೀಜೋತ್ಪಾದನೆ ನಡೆಯುತ್ತದೆ. ಹೂ ಬಿಡುವ ಕಾಲಕ್ಕೆ ಹೋಗಿ, ಸಂಜೆಯೂ ಇರಿ, ಮರುಬೆಳಿಗ್ಗೆಯೂ ಇರಿ. ಅಲಸಂದೆಯೋ ಹುರುಳಿಯೋ ಹೂವಿಗೆ ಬಂದಾಗ ಒಂದು ಗಿಡ ಅಗೆಯಿರಿ, ಫೋಟೋ ನೀವೇ ತೆಗೆಯಿರಿ. ಬರೆದದ್ದನ್ನು ನೇರ ನನಗೇ ಕಳಿಸಿ.